ಬಾಹ್ಯಾಕಾಶದಲ್ಲಿ ಬದುಕಿದ ಹಾವಸೆ ಅಲ್ಲಿ ಸಂಸಾರ ಹೂಡೀತೇ?

2025ರ ನವೆಂಬರ್‌ನಲ್ಲಿ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಒಂಬತ್ತು ತಿಂಗಳು ಇಟ್ಟಿದ್ದ ಹಾವಸೆ (ಇಂಗ್ಲಿಷಿನಲ್ಲಿ ಮಾಸ್) ಭೂಮಿಗೆ ವಾಪಸ್ ಬಂದು ಮತ್ತೆ ಚಿಗುರಿತು ಅಂತ. ಅದಕ್ಕೂ ಹಿಂದೆ, 2024ರಲ್ಲಿ, ಚೀನಾದ ವಿಜ್ಞಾನಿಗಳು ಮರುಭೂಮಿಯ ಒಂದು ಹಾವಸೆ ಮಂಗಳ ಗ್ರಹದಂಥ ವಾತಾವರಣವನ್ನು ತಡೆದುಕೊಳ್ಳುತ್ತದೆ ಎಂದಿದ್ದರು. ಎರಡನ್ನೂ ಓದಿದವರಿಗೆ ಒಂದೇ ಪ್ರಶ್ನೆ. ಹಾಗಾದರೆ ಮಂಗಳದಲ್ಲಿ ಹಾವಸೆ ಬೆಳೆಸಬಹುದು, ಅಲ್ವಾ?

ಕೆಲವರು ಹೌದು ಅಂದರು. ಕೆಲವರು ಇದೆಲ್ಲ ಬರೀ ಸದ್ದು ಅಂದರು. ಎರಡೂ ಕಡೆಯವರು ಒಂದು ಸಂಗತಿಯನ್ನು ಗಮನಕ್ಕೇ ತಂದುಕೊಳ್ಳಲಿಲ್ಲ. ಹಾವಸೆ ಸಾಯದೆ ಉಳಿಯೋದು ಬೇರೆ, ಮುಂದಿನ ಪೀಳಿಗೆಯನ್ನು ಹುಟ್ಟಿಸೋದು ಬೇರೆ. ಆ ಎರಡರ ನಡುವೆ ಒಂದು ಪುಟ್ಟ ಹೆಣ್ಣು ಅಂಗ ಕೂತಿದೆ. ಹೆಸರು ಆರ್ಕಿಗೋನಿಯಂ. ಅದು ಕೆಲಸ ಮಾಡೋದು ಹೇಗೆ ಅಂತ ಗೊತ್ತಾದರೆ ಈ ಸುದ್ದಿಯ ಗೊಂದಲ ಬಹುಪಾಲು ತಿಳಿಯಾಗುತ್ತದೆ.

ಅಲ್ಲಿ ನಿಜವಾಗಿ ಬದುಕಿದ್ದು ಏನು?

ಮೊದಲು ಪ್ರಯೋಗಗಳನ್ನೇ ನೋಡೋಣ. ಎರಡನ್ನೂ ಒಟ್ಟಿಗೆ ಸೇರಿಸಿ ಓದಿದ್ದರಿಂದಲೇ ಅರ್ಧ ಗೊಂದಲ ಆಗಿದ್ದು.

ನಿಲ್ದಾಣಕ್ಕೆ ಹೋಗಿದ್ದು ಫಿಸ್ಕೊಮಿಟ್ರಿಯಂ ಪೇಟೆನ್ಸ್ ಎಂಬ ಹಾವಸೆ. ಕೆರೆ, ಕುಂಟೆಯ ನೀರು ಇಳಿದಾಗ ಅಂಚಿನ ಕೆಸರಿನಲ್ಲಿ ಹುಟ್ಟುವ ಬಹಳ ಸಣ್ಣ ಗಿಡ. ಪ್ರಯೋಗಶಾಲೆಗಳಲ್ಲಿ ದಶಕಗಳಿಂದ ಬಳಸುತ್ತಿದ್ದಾರೆ, ಇದರ ಜೀನೋಮ್ 2008ರಲ್ಲೇ ಪ್ರಕಟವಾಗಿದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ತೊಮೊಮಿಚಿ ಫುಜಿಟಾ ಅವರ ತಂಡ 2022ರ ಮಾರ್ಚ್‌ನಲ್ಲಿ ಇದನ್ನು ಕಳಿಸಿತು. ನಿಲ್ದಾಣದ ಜಪಾನಿ ಭಾಗವಾದ ಕಿಬೋದ ಹೊರಗೆ 283 ದಿನ ಇತ್ತು. 2023ರ ಜನವರಿಯಲ್ಲಿ ವಾಪಸ್ ಬಂತು. ಶೇ. 80ಕ್ಕೂ ಜಾಸ್ತಿ ಬೀಜಕಗಳು, ಅಂದರೆ ಹಾವಸೆಗೆ ಬೀಜದ ಬದಲು ಇರುವ ಪುಡಿಯಂಥ ಕಣಗಳು, ಮೊಳೆತವು.

ಇಲ್ಲಿ ಗಮನಿಸಬೇಕಾದ್ದು, ಹೋಗಿದ್ದು ಹಸಿರು ಗಿಡ ಅಲ್ಲ. ತಂಡ ಕಳಿಸುವ ಮೊದಲು ನೆಲದ ಮೇಲೇ ಮೂರು ರೂಪಗಳನ್ನು ಪರೀಕ್ಷೆ ಮಾಡಿತ್ತು. ದಾರದಂಥ ಹಸಿರು ಎಳೆಗಳು, ಕಷ್ಟಕಾಲದಲ್ಲಿ ಹುಟ್ಟುವ ದಪ್ಪ ಗೋಡೆಯ ಕೋಶಗಳು, ಆಮೇಲೆ ಬೀಜಕ ತುಂಬಿದ ಚೀಲದಂಥ ಭಾಗ, ಅಂದರೆ ಸ್ಪೊರೊಫೈಟ್. ಎಳೆಗಳು ಅತಿನೇರಳೆ ಕಿರಣಕ್ಕೆ ಸತ್ತವು. ದಪ್ಪ ಗೋಡೆಯ ಕೋಶಗಳು ಸ್ವಲ್ಪ ತಡೆದವು. ಸ್ಪೊರೊಫೈಟ್ ಒಳಗಿನ ಬೀಜಕಗಳು ಅವಕ್ಕಿಂತ ಸುಮಾರು ಸಾವಿರ ಪಟ್ಟು ತಡೆದವು. ಹಾಗಾಗಿ ಅದನ್ನೇ ಆರಿಸಿ ಕಳಿಸಿದರು.

ಚೀನಾದ್ದು ಬೇರೆ ಗಿಡ, ಬೇರೆ ಪ್ರಯೋಗ. ಸಿಂಟ್ರಿಕಿಯಾ ಕ್ಯಾನಿನರ್ವಿಸ್ ಅಂತ ಮರುಭೂಮಿ ಹಾವಸೆ. ಇಲ್ಲಿ ಬೀಜಕ ಅಲ್ಲ, ಇಡೀ ಗಿಡವನ್ನೇ ಪರೀಕ್ಷಿಸಿದರು. ಮೈಯಲ್ಲಿರೋ ನೀರಲ್ಲಿ ಶೇ. 98ಕ್ಕೂ ಜಾಸ್ತಿ ಹೋದರೂ, ನೀರು ಬಿದ್ದ ಕೆಲವೇ ಸೆಕೆಂಡಿನಲ್ಲಿ ಚೇತರಿಸಿಕೊಂಡಿತು. ಮೈನಸ್ 80 ಡಿಗ್ರಿಯಲ್ಲಿ ಐದು ವರ್ಷ ಇಟ್ಟು ತೆಗೆದರೂ ಚಿಗುರಿತು. ಮಂಗಳದಂಥ ಗಾಳಿ, ಚಳಿ, ಕಿರಣ ಇರುವ ಪೆಟ್ಟಿಗೆಯಲ್ಲಿ ಏಳು ದಿನದವರೆಗೆ ಇಟ್ಟು ಹೊರತೆಗೆದರೂ ಮತ್ತೆ ಬೆಳೆಯಿತು.

ಹೊರತೆಗೆದ ಮೇಲೆ ಅನ್ನೋದನ್ನು ಮರೆಯಬೇಡಿ. ಎರಡೂ ಪ್ರಯೋಗದಲ್ಲಿ ಹಾವಸೆ ಬೆಳೆದಿದ್ದು ಭೂಮಿಯ ಗಾಳಿಯಲ್ಲಿ, ಭೂಮಿಯ ನೀರಿನಲ್ಲಿ. ಕಷ್ಟದ ಜಾಗದಲ್ಲಿ ಅದು ಸುಮ್ನೆ ನಿದ್ದೆ ಮಾಡುತ್ತಿತ್ತು.

ಹೂಜಿಯಂಥ ಅಂಗ

ಈಗ ಆರ್ಕಿಗೋನಿಯಂ ವಿಷಯಕ್ಕೆ ಬರೋಣ. ಇಡೀ ಚರ್ಚೆ ನಿಂತಿರೋದು ಇದರ ಮೇಲೆ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವು ನೋಡೋ ಹಸಿರು ಹಾವಸೆ ಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಅದರ ತುದಿಯ ಎಲೆಗಳ ನಡುವೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೂಜಿಯ ಆಕಾರದ ಅಂಗಗಳು ಕಾಣುತ್ತವೆ. ಕೆಳಗೆ ದಪ್ಪ ಹೊಟ್ಟೆ, ಮೇಲೆ ಉದ್ದನೆ ಕತ್ತು. ಹೊಟ್ಟೆಯೊಳಗೆ ಒಂದೇ ಒಂದು ಅಂಡ. ಕತ್ತಿನ ಒಳಗೆ ಒಂದರ ಮೇಲೊಂದು ಕೋಶಗಳು ಸಾಲಾಗಿ ಕೂತು ದಾರಿ ಮುಚ್ಚಿರುತ್ತವೆ. ತುದಿಯಲ್ಲಿ ಮುಚ್ಚಳದ ಕೋಶಗಳು.

ಅಂಡ ಬಲಿತಾಗ ಕತ್ತಿನೊಳಗಿನ ಆ ಸಾಲು ಕೋಶಗಳು ತಾವೇ ಕರಗುತ್ತವೆ. ಕರಗಿ ಲೋಳೆಯಾಗುತ್ತವೆ. ಗಿಡದ ಮೇಲೆ ಮಳೆನೀರೋ ಇಬ್ಬನಿಯೋ ಇದ್ದರೆ ಲೋಳೆ ಅದನ್ನು ಹೀರಿ ಉಬ್ಬುತ್ತದೆ. ಉಬ್ಬಿದ ಲೋಳೆ ಒಳಗಿಂದ ತಳ್ಳುತ್ತದೆ. ತುದಿಯ ಮುಚ್ಚಳ ಬಿರಿದು ಬಾಯಿ ತೆರೆಯುತ್ತದೆ. ಅಂದರೆ ಬಾಗಿಲು ತೆಗೆಯೋಕೇ ನೀರು ಬೇಕು. ನೀರಿಲ್ಲದಿದ್ದರೆ ಅಂಡ ಎಷ್ಟೇ ಚೆನ್ನಾಗಿ ಬಲಿತಿದ್ದರೂ ಒಳಗೇ ಉಳಿಯುತ್ತದೆ.

ಗಂಡು ಅಂಗದ ಹೆಸರು ಆಂಥೆರಿಡಿಯಂ. ಅದೂ ಒದ್ದೆಯಾದಾಗಲೇ ಒಡೆಯುತ್ತದೆ. ಹೊರಬರುವ ವೀರ್ಯಾಣುಗಳಿಗೆ ಎರಡೆರಡು ಬಾಲ. ಅವು ಗಾಳಿಯಲ್ಲಿ ಹಾರೋದಿಲ್ಲ, ಒಣ ಮೈ ಮೇಲೆ ತೆವಳೋದೂ ಇಲ್ಲ. ಈಜಲೇಬೇಕು. ಎಲ್ಲಿಗೆ ಹೋಗಬೇಕು ಅಂತ ಅವಕ್ಕೆ ಗೊತ್ತಾಗೋದು ಹೆಣ್ಣು ಅಂಗದಿಂದ ಸೋರುವ ರಾಸಾಯನಿಕದಿಂದ. 1880ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೆಫರ್ ಇದನ್ನು ತೋರಿಸಿದರು. ಜರೀಗಿಡದ ವೀರ್ಯಾಣುಗಳು ಮ್ಯಾಲಿಕ್ ಆಮ್ಲದ ಕಡೆಗೆ, ಹಾವಸೆಯವು ಸಕ್ಕರೆಯ ಕಡೆಗೆ ಈಜುತ್ತವೆ ಅಂತ. ಆ ಆಮ್ಲವೋ ಸಕ್ಕರೆಯೋ ಹರಡೋದಕ್ಕೂ ನೀರಿನ ಪದರ ಬೇಕು.

ಬಾಗಿಲು ತೆರೆಯಲು, ಗಂಡು ಹೊರಬರಲು, ದಾರಿ ಗೊತ್ತಾಗಲು, ಆ ದಾರಿ ಸವೆಸಲು, ನಾಲ್ಕಕ್ಕೂ ನೀರು. ಬಕೆಟ್ ಗಟ್ಟಲೆ ಬೇಡ, ತೆಳ್ಳನೆ ಪದರ ಸಾಕು. ಆದರೆ ಅದು ದ್ರವವಾಗಿಯೇ ಇರಬೇಕು, ಸ್ವಲ್ಪ ಹೊತ್ತಾದರೂ ಆರದೆ ಇರಬೇಕು.

ಇದು ಹಳೆಯ ಏರ್ಪಾಡು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ, ಸುಮಾರು 40 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲೂ ಆರ್ಕಿಗೋನಿಯಂ ಸ್ಪಷ್ಟವಾಗಿ ಕಾಣುತ್ತದೆ. ಅಂಡವನ್ನು ಹೊರಗೆ ಬಿಡದೆ, ತಾಯಿಯ ಮೈಯೊಳಗೇ ಕೋಶಗಳ ಗೋಡೆ ಕಟ್ಟಿ ಕಾಪಾಡುವ ಈ ಉಪಾಯ ಗಿಡಗಳು ನೆಲದ ಮೇಲೆ ನೆಲೆ ನಿಲ್ಲೋಕೆ ದೊಡ್ಡ ಆಸರೆಯಾಯಿತು. ಅಂಡ ಒಣಗದಂತೆ ನೋಡಿಕೊಂಡಿತು. ಗಂಡಿನ ಪ್ರಯಾಣವನ್ನು ಮಾತ್ರ ನೀರಿಗೇ ಬಿಟ್ಟಿತು.

ಒಣಗಿಯೂ ಬದುಕಿದ ಬೀಜಕ ಹುಟ್ಟಿದ್ದು ನೀರಿನಲ್ಲೇ

ನನಗೆ ಇಡೀ ಸುದ್ದಿಯಲ್ಲಿ ಅತ್ಯಂತ ಮುಖ್ಯ ಅನ್ನಿಸೋ ಅಂಶ ಇದು. ಹೆಚ್ಚಿನ ವರದಿಗಳಲ್ಲಿ ಇದೇ ಬಿಟ್ಟುಹೋಗಿತ್ತು.

ನಿಲ್ದಾಣದ ಹೊರಗೆ ಗೆದ್ದಿದ್ದು ಸ್ಪೊರೊಫೈಟ್ ಅಂದೆನಲ್ಲ. ಆ ಸ್ಪೊರೊಫೈಟ್ ಎಲ್ಲಿಂದ ಬರುತ್ತದೆ? ವೀರ್ಯಾಣು ಈಜಿ ಬಂದು ಅಂಡವನ್ನು ಸೇರಿದ ಮೇಲೆ, ಆ ಅಂಡವೇ ಆರ್ಕಿಗೋನಿಯಂನ ಹೊಟ್ಟೆಯೊಳಗೆ ಭ್ರೂಣವಾಗಿ ಬೆಳೆದು ಸ್ಪೊರೊಫೈಟ್ ಆಗುತ್ತದೆ. ತಾಯಿಗಿಡದಿಂದಲೇ ಊಟ ಎಳೆದುಕೊಳ್ಳುತ್ತದೆ. ಆರ್ಕಿಗೋನಿಯಂ ಗೋಡೆ ಜೊತೆಜೊತೆಗೆ ಬೆಳೆದು, ಕೊನೆಗೆ ಹರಿದು, ಮರಿಯ ತಲೆ ಮೇಲೆ ಟೋಪಿಯ ಹಾಗೆ ಉಳಿದುಕೊಳ್ಳುತ್ತದೆ. ಪೇಟೆನ್ಸ್ ಹಾವಸೆಯ ಬೀಜಕ ಕೋಶಕ್ಕೆ ತೆರೆಯುವ ಮುಚ್ಚಳವೇ ಇಲ್ಲ. ಗೋಡೆ ಒಡೆದಾಗಲೇ ಒಳಗಿನ ಸಾವಿರಾರು ಬೀಜಕಗಳು ಹೊರಗೆ. ಆ ಮುಚ್ಚಿದ ಗೋಡೆಯೇ ಬಾಹ್ಯಾಕಾಶದಲ್ಲಿ ಅತಿನೇರಳೆ ಕಿರಣವನ್ನು ತಡೆಯಲು ನೆರವಾಯಿತು ಅನ್ನೋದು ತಂಡದ ಅಭಿಪ್ರಾಯ.

ಪ್ರಯೋಗಶಾಲೆಯಲ್ಲಿ ಈ ಕೋಶಗಳನ್ನು ಪಡೆಯೋದು ಹೇಗೆ ನೋಡಿ. ಗಿಡಗಳನ್ನು ಸುಮಾರು 15 ಡಿಗ್ರಿ ತಂಪಿನಲ್ಲಿ, ದಿನಕ್ಕೆ ಎಂಟು ಗಂಟೆ ಮಾತ್ರ ಬೆಳಕು ಕೊಟ್ಟು ಕೆಲವು ವಾರ ಇಡುತ್ತಾರೆ. ಆಗ ಗಂಡು ಹೆಣ್ಣು ಅಂಗಗಳು ಮೂಡುತ್ತವೆ, ಈ ಜಾತಿಯಲ್ಲಿ ಎರಡೂ ಒಂದೇ ಗಿಡದಲ್ಲಿ. ಆಮೇಲೆ ಗಿಡಗಳು ಮುಳುಗುವಷ್ಟು ನೀರು ಹಾಕುತ್ತಾರೆ. ಆಗ ಗರ್ಭ ಕಟ್ಟುತ್ತದೆ. ಕೆರೆ ಅಂಚಿನಲ್ಲಿ ಚಳಿಗಾಲದ ಹೊಸ್ತಿಲಲ್ಲಿ ನಡೆಯೋದನ್ನೇ ಇಲ್ಲಿ ಕೈಯಾರೆ ಮಾಡುವುದು.

ಅಂದರೆ ನಿರ್ವಾತ, ಚಳಿ, ಒಣಗುವಿಕೆ ಎಲ್ಲವನ್ನೂ ಗೆದ್ದ ಆ ಬೀಜಕಕ್ಕೆ, ಹುಟ್ಟೋಕೆ ಮೊದಲು ಒಂದು ಸಲ ನೀರಿನ ಕೃಪೆ ಬೇಕೇ ಬೇಕಾಗಿತ್ತು. ಬಾಹ್ಯಾಕಾಶದಲ್ಲಿ ಸಾಯದೆ ಇರೋ ಶಕ್ತಿ ಈ ಹಾವಸೆಗೆ ಬಂದಿರೋದೇ ನೀರಿನಲ್ಲಿ ನಡೆಯುವ ಆ ಕೂಡುವಿಕೆಯ ಫಲವಾಗಿ. ಹಾಗಾಗಿ ಈ ಬೀಜಕಗಳನ್ನು ಒಣ ಗ್ರಹವೊಂದರಲ್ಲಿ ಬಿತ್ತಿದರೂ, ಮುಂದಿನ ಕಂತಿನ ಬೀಜಕ ಅಲ್ಲಿ ಬರೋದು ಯಾವ ದಾರಿಯಿಂದ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತದೆ.

ಭೂಮಿಯ ಮರುಭೂಮಿ ಹೇಳುವ ಉತ್ತರ

ಇದು ಬರೀ ತರ್ಕ ಅಂತ ಅನ್ನಿಸಿದರೆ, ಸಿಂಟ್ರಿಕಿಯಾ ಹಾವಸೆಯನ್ನೇ ನೋಡಿ. ಮಂಗಳಕ್ಕೆ ಹೊಂದುತ್ತದೆ ಅಂತ ಹೊಗಳಿಸಿಕೊಂಡ ಅದೇ ಗಿಡ ಅಮೆರಿಕದ ಮೊಹಾವಿ ಮರುಭೂಮಿಯಲ್ಲೂ ಇದೆ. ಅಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. 2000ದ ಸುಮಾರಿಗೆ ಪ್ರಕಟವಾದ ಎಣಿಕೆಯಲ್ಲಿ ಬಹುಪಾಲು ಕಾಂಡಗಳಲ್ಲಿ ಲಿಂಗದ ಗುರುತೇ ಇರಲಿಲ್ಲ. ಗುರುತು ಇದ್ದವುಗಳಲ್ಲಿ ಸುಮಾರು 14 ಹೆಣ್ಣಿಗೆ ಒಂದು ಗಂಡು. ಗಂಡು ಗಿಡಗಳು ಸಿಕ್ಕಿದ್ದು ಹೆಚ್ಚಾಗಿ ಪೊದೆಗಳ ನೆರಳಿನಲ್ಲಿ, ತೇವ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುವ ಕಡೆ.

ಪರಿಣಾಮ? ಬಿಸಿಲಿನ ಬಯಲಲ್ಲಿ ಹೆಣ್ಣು ಗಿಡಗಳು ಆರ್ಕಿಗೋನಿಯಂ ಕಟ್ಟುತ್ತವೆ, ಅಂಡ ಬಲಿಯುತ್ತದೆ, ಯಾರೂ ಬರೋದಿಲ್ಲ. ಸ್ಪೊರೊಫೈಟ್ ಅಲ್ಲಿ ಅಪರೂಪ. ಗಿಡ ಬದುಕಿದೆ, ಹಸಿರಾಗುತ್ತದೆ, ಒಣಗುತ್ತದೆ, ಮತ್ತೆ ಹಸಿರಾಗುತ್ತದೆ. ಬೀಜಕ ಮಾತ್ರ ಇಲ್ಲ. ಗಾಳಿ ಇರುವ, ಆಗಾಗ ಮಳೆಯೂ ಬೀಳುವ ಭೂಮಿಯ ಮರುಭೂಮಿಯಲ್ಲೇ ಈ ಪಾಡು.

ದೂರವೂ ಒಂದು ತೊಂದರೆ. ವೀರ್ಯಾಣು ತನ್ನಷ್ಟಕ್ಕೆ ಈಜೋದು ಕೆಲವೇ ಸೆಂಟಿಮೀಟರ್. ಆದರೆ ಇಲ್ಲಿ ಪ್ರಕೃತಿಗೆ ಇನ್ನೊಂದು ದಾರಿ ಇದೆ, ಅದು ಗೊತ್ತಾಗಿದ್ದು ಇತ್ತೀಚೆಗೆ. 2006ರಲ್ಲಿ ಸ್ವೀಡನ್ನಿನ ನಿಲ್ಸ್ ಕ್ರೊನ್‌ಬರ್ಗ್ ಮತ್ತು ಸಂಗಡಿಗರು ಬ್ರಯಂ ಅರ್ಜೆಂಟಿಯಂ ಎಂಬ ಬೆಳ್ಳಿ ಬಣ್ಣದ ಹಾವಸೆಯ ಗಂಡು ಹೆಣ್ಣು ಗೊಂಚಲುಗಳನ್ನು ದೂರ ದೂರ ಇಟ್ಟರು. ಪಟ್ಟಣದ ಕಾಂಕ್ರೀಟ್ ಸಂದಿಯಲ್ಲೂ ಬೆಳೆಯುವ ಗಿಡ ಇದು. ಎರಡು, ನಾಲ್ಕು ಸೆಂಟಿಮೀಟರ್ ಅಂತರ ಬಿಟ್ಟಾಗ ಗರ್ಭ ಕಟ್ಟಲಿಲ್ಲ. ನಡುವೆ ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿಗಳನ್ನೂ ನುಸಿಗಳನ್ನೂ ಬಿಟ್ಟಾಗ ಕಟ್ಟಿತು. ಅವು ಮೈಗೆ ಅಂಟಿದ ವೀರ್ಯಾಣುಗಳನ್ನು ಹೊತ್ತು ತಂದಿದ್ದವು. 2012ರಲ್ಲಿ ಇನ್ನೊಂದು ತಂಡ ಸೆರಟೊಡಾನ್ ಹಾವಸೆಯಲ್ಲಿ ಗಂಡು ಹೆಣ್ಣು ಗಿಡಗಳ ವಾಸನೆಯೇ ಬೇರೆ, ಸ್ಪ್ರಿಂಗ್‌ಟೇಲ್‌ಗಳಿಗೆ ಹೆಣ್ಣಿನ ವಾಸನೆ ಹೆಚ್ಚು ಇಷ್ಟ ಅಂತ ತೋರಿಸಿತು. ಹೂವು ಮತ್ತು ದುಂಬಿಯ ನಂಟಿಗಿಂತ ಎಷ್ಟೋ ಹಳೆಯ ನಂಟು ಇರಬಹುದು ಇದು. ಇಷ್ಟು ಚಂದದ ಸಂಗತಿ ನಮ್ಮ ಪಿಯುಸಿ ಪಾಠಗಳಲ್ಲಿ ಬರಬೇಕು.

ಮಂಗಳಕ್ಕೆ ಒಬ್ಬಂಟಿ ಹಾವಸೆಯನ್ನು ಕಳಿಸಿದರೆ ಈ ಜೊತೆಗಾರರೂ ಇರೋದಿಲ್ಲ.

ತುಂಡಿನಿಂದಲೇ ಬೆಳೆಯುತ್ತಲ್ವಾ?

ಆಶಾವಾದಿಗಳ ಉತ್ತರ ಸಿದ್ಧವಿದೆ, ಅದರಲ್ಲಿ ಹುರುಳೂ ಇದೆ. ಹಾವಸೆಗೆ ಗಂಡು ಹೆಣ್ಣು ಕೂಡಲೇಬೇಕು ಅಂತೇನಿಲ್ಲ. ಒಂದು ಎಲೆ ಮುರಿದು ಬಿದ್ದರೆ ಅದರಿಂದಲೇ ಹೊಸ ಗಿಡ ಆಗುತ್ತದೆ. ಮೊಹಾವಿಯ ಹೆಣ್ಣು ಗಿಡಗಳು ಬದುಕಿರೋದೂ ಹೀಗೆಯೇ. ಹಾಗಿರುವಾಗ ಆರ್ಕಿಗೋನಿಯಂ ಗೊಡವೆ ಯಾಕೆ?

ಕೆಲವು ವರ್ಷಗಳ ಮಟ್ಟಿಗೆ ಈ ವಾದ ಸರಿ. ದೀರ್ಘಕಾಲಕ್ಕೆ ಏನಾಗಬಹುದು ಅನ್ನೋದಕ್ಕೆ ಪೇಟೆನ್ಸ್ ಹಾವಸೆಯಲ್ಲೇ ಒಂದು ಉದಾಹರಣೆ ಸಿಕ್ಕಿದೆ. ಜಗತ್ತಿನ ಬಹುತೇಕ ಪ್ರಯೋಗಶಾಲೆಗಳಲ್ಲಿರೋ ತಳಿ 1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಕಾಡಿನಿಂದ ತಂದದ್ದು. ದಶಕಗಟ್ಟಲೆ ಅದನ್ನು ಪುಡಿ ಮಾಡಿ, ತುಂಡಿನಿಂದಲೇ ಬೆಳೆಸುತ್ತಾ ಬಂದರು. ಬರಬರುತ್ತಾ ಅದರಲ್ಲಿ ಸ್ಪೊರೊಫೈಟ್ ಕಟ್ಟೋದೇ ಕಡಿಮೆಯಾಯಿತು. 2020ರಲ್ಲಿ ಜರ್ಮನಿಯ ತಂಡವೊಂದು ಕಾರಣ ಹುಡುಕಿತು. ಹೆಣ್ಣು ಅಂಗ ಸರಿಯಾಗಿಯೇ ಇತ್ತು, ರಾಯ್ಟೆ ಎಂಬ ಬೇರೆ ತಳಿಯ ವೀರ್ಯಾಣು ಕೊಟ್ಟರೆ ಗರ್ಭ ಕಟ್ಟುತ್ತಿತ್ತು. ಕೆಟ್ಟಿದ್ದು ಗಂಡು. ವೀರ್ಯಾಣುವಿನ ಬಾಲ ಸರಿಯಾಗಿ ಆಡುತ್ತಿರಲಿಲ್ಲ. ಸಿಸಿಡಿಸಿ39 ಎಂಬ ಜೀನ್‌ನ ಕಡೆಗೆ ಬೆರಳು ಹೋಯಿತು. ಇದೇ ಜೀನ್ ಕೆಟ್ಟರೆ ಮನುಷ್ಯರಲ್ಲೂ ಶ್ವಾಸನಾಳದ ಸೂಕ್ಷ್ಮ ರೋಮಗಳು ಆಡದ ಕಾಯಿಲೆ ಬರುತ್ತದೆ.

ಯಾಕೆ ಹೀಗಾಯಿತು? ಈಜುವ ಕೆಲಸವೇ ಇಲ್ಲದಾಗ, ಈಜಲಾರದ ಗಿಡವೂ ಈಜಬಲ್ಲ ಗಿಡದಷ್ಟೇ ಚೆನ್ನಾಗಿ ತುಂಡಿನಿಂದ ಬೆಳೆಯುತ್ತದೆ. ದೋಷವನ್ನು ಸೋಸಿ ತೆಗೆಯೋರು ಯಾರೂ ಇಲ್ಲ. ವರ್ಷದಿಂದ ವರ್ಷಕ್ಕೆ ದೋಷ ಉಳಿದುಕೊಳ್ಳುತ್ತದೆ. ಸುಮಾರು ಅರ್ಧ ಶತಮಾನದೊಳಗೆ, ಎಲ್ಲ ಸೌಕರ್ಯ ಇರುವ ಪ್ರಯೋಗಶಾಲೆಯಲ್ಲೇ ಇದು ಆಗಿಹೋಯಿತು. ವಿಕಿರಣ ಜಾಸ್ತಿ ಇರುವ, ಹಾಗಾಗಿ ಜೀನ್ ಕೆಡೋ ಸಾಧ್ಯತೆಯೂ ಜಾಸ್ತಿ ಇರುವ ಕಡೆ ತುಂಡಿನಿಂದಲೇ ಬೆಳೆಸುತ್ತಾ ಹೋದರೆ ಇದಕ್ಕಿಂತ ಒಳ್ಳೆಯದನ್ನು ನಿರೀಕ್ಷಿಸೋದು ಕಷ್ಟ. ಇನ್ನೂ ಒಂದು ಇದೆ. ಸ್ಪೊರೊಫೈಟ್ ನಿಂತರೆ ಬೀಜಕವೂ ನಿಂತ ಹಾಗೆ. ಪೇಟೆನ್ಸ್ ಹಾವಸೆಯ ಅತ್ಯಂತ ಗಟ್ಟಿ ರೂಪವೇ ಕೈತಪ್ಪುತ್ತದೆ.

ಹಾವಸೆಯದ್ದಷ್ಟೇ ಪಾಡಲ್ಲ

ಜರೀಗಿಡ ದೊಡ್ಡದು, ಗಟ್ಟಿ, ಹಾಗಾಗಿ ಅದು ಮೇಲು ಅಂತ ಅನ್ನಿಸಬಹುದು. ಆದರೆ ಅದರ ಬೀಜಕದಿಂದ ಮೊದಲು ಹುಟ್ಟೋದು ಹೃದಯದ ಆಕಾರದ, ಕೆಲವೇ ಮಿಲಿಮೀಟರ್ ಅಗಲದ ಹಸಿರು ಪೊರೆ. ಅದರ ಕೆಳಮೈಯಲ್ಲಿ, ಮಣ್ಣಿಗೆ ಮುಖ ಮಾಡಿ, ಆರ್ಕಿಗೋನಿಯಂಗಳು. ಅಲ್ಲೂ ವೀರ್ಯಾಣು ಈಜಿಯೇ ಬರಬೇಕು. ಮಲೆನಾಡಿನ ಕಟ್ಟೆ, ಬರೆ, ಬಾವಿಯ ಒಳಗೋಡೆಗಳಲ್ಲಿ ಮಳೆಗಾಲದಲ್ಲೇ ಜರೀಗಿಡದ ಮರಿಗಳು ಎದ್ದುಬರೋದಕ್ಕೆ ಇದೇ ಕಾರಣ.

ಉದ್ಯಾನಗಳಲ್ಲಿ ಬೆಳೆಸುವ ಸೈಕಸ್‌ನಲ್ಲೂ ಆರ್ಕಿಗೋನಿಯಂ ಇದೆ, ಈಜುವ ವೀರ್ಯಾಣುವೂ ಇದೆ. 1896ರಲ್ಲಿ ಜಪಾನಿನ ಹಿರಾಸೆ ಗಿಂಕೊ ಮರದಲ್ಲೂ ಇಕೆನೊ ಸೈಕಸ್‌ನಲ್ಲೂ ಇದನ್ನು ಕಂಡುಹಿಡಿದರು. ಆದರೆ ಅವು ಪರಾಗವನ್ನು ಗಾಳಿಯಲ್ಲೋ ಕೀಟದ ಮೂಲಕವೋ ಕಳಿಸಿ, ಈಜುವ ಕೊಳವನ್ನು ಬೀಜಾಂಡದೊಳಗೇ ತಂದುಕೊಂಡವು. ಹೊರಗಿನ ನೀರಿನ ಹಂಗು ತಪ್ಪಿತು. ಹೂಬಿಡುವ ಗಿಡಗಳು ಆರ್ಕಿಗೋನಿಯಂ ಅನ್ನೇ ಬಿಟ್ಟುಬಿಟ್ಟವು.

ಮಂಗಳದ ಲೆಕ್ಕ

ಈಗ ಎರಡೂ ಪಕ್ಷದವರ ಮಾತು ತೂಗಿ ನೋಡಬಹುದು.

ಮಂಗಳದ ಗಾಳಿಯ ಒತ್ತಡ ಸರಾಸರಿ ಆರು ಮಿಲಿಬಾರ್ ಆಸುಪಾಸು, ಭೂಮಿಯದರ ಶೇ. 1ಕ್ಕಿಂತ ಕಡಿಮೆ. ಅಷ್ಟು ಕಡಿಮೆ ಒತ್ತಡದಲ್ಲಿ ನೀರು ದ್ರವವಾಗಿ ನಿಲ್ಲೋದೇ ಕಷ್ಟ. ಹೆಪ್ಪುಗಟ್ಟುತ್ತದೆ, ಇಲ್ಲವೇ ಆವಿಯಾಗುತ್ತದೆ. ಸರಾಸರಿ ಚಳಿ ಮೈನಸ್ 60 ಡಿಗ್ರಿ. ಸಿಂಟ್ರಿಕಿಯಾ ಆ ಚಳಿ ತಡೆಯಬಹುದು, ಆರ್ಕಿಗೋನಿಯಂ ಬಾಯಿ ತೆರೆಯಲಾರದು. 2008ರಲ್ಲಿ ನಾಸಾದ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವನ್ನೂ ಕಂಡಿದೆ, ಅದು ಜೀವಕೋಶಗಳಿಗೆ ಹಾನಿಕರ. ಹಾಗಾಗಿ ಬಯಲಲ್ಲಿ ಹಾವಸೆ ಹರಡಿ ಮಂಗಳವನ್ನು ಹಸಿರು ಮಾಡುವ ಮಾತು ಸದ್ಯಕ್ಕೆ ಕನಸೇ.

ನಿಲ್ದಾಣದ ಪ್ರಯೋಗಕ್ಕೂ ಮಿತಿ ಇದೆ. ಅದು ಸುತ್ತೋದು ಭೂಮಿಯ ಕಾಂತಕ್ಷೇತ್ರದ ರಕ್ಷಣೆಯೊಳಗೆ. ಮಂಗಳದ ದಾರಿಯಲ್ಲಿ ಆ ರಕ್ಷಣೆ ಇಲ್ಲ. ಬೀಜಕಗಳು 5,600 ದಿನ, ಅಂದರೆ ಸುಮಾರು 15 ವರ್ಷ, ಬದುಕಬಹುದು ಎಂಬ ಅಂಕಿ ಸುದ್ದಿಯಲ್ಲಿ ಓಡಾಡಿತು. ಅದು ಗಣಿತದ ಮಾದರಿಯಿಂದ ಬಂದ ಒರಟು ಅಂದಾಜು ಅಂತ ಸಂಶೋಧಕರೇ ಹೇಳಿದ್ದಾರೆ.

ಆದರೆ ಗಾಜಿನ ಗೂಡಿನೊಳಗೆ, ಒತ್ತಡವೂ ನೀರೂ ಬೆಚ್ಚನೆಯೂ ಇರುವ ಕಡೆ? ಅಲ್ಲಿ ಹಾವಸೆಗೆ ನಿಜವಾಗಿ ಜಾಗ ಇದೆ. ಬೇರಿಲ್ಲ, ಆಳದ ಮಣ್ಣು ಬೇಡ, ಒಣಗಿದರೂ ಸಾಯದು, ಆಮ್ಲಜನಕ ಕೊಡುತ್ತದೆ. ಇಂಥ ಗೂಡಿನಲ್ಲಿ ತುಂಡಿನಿಂದ ಬೆಳೆಸುತ್ತಾ, ಆಗಾಗ ತಂಪು ಕೊಟ್ಟು, ನೀರು ಹಾಕಿ, ಬೀಜಕವನ್ನೂ ಪಡೆಯುತ್ತಿರಬೇಕು. ಹಾಗೆ ಮಾಡಿದರೆ ಈಜುವ ಶಕ್ತಿಯೂ ಉಳಿಯುತ್ತದೆ. ಆಶಾವಾದಿಗಳ ವಾದದಲ್ಲಿ ನನಗೆ ಒಪ್ಪಿಗೆಯಾಗೋದು ಇಷ್ಟು ಭಾಗ.

ಇನ್ನೂ ಪರೀಕ್ಷೆ ಆಗಬೇಕಾದ ವಿಷಯಗಳಲ್ಲಿ ತೂಕವಿಲ್ಲದ ಸ್ಥಿತಿಯೂ ಒಂದು. ಕಲ್ಪನಾ ಚಾವ್ಲಾ ಹೋಗಿದ್ದ ಎರಡೂ ಯಾನಗಳಲ್ಲಿ, 1997ರಲ್ಲೂ 2003ರಲ್ಲೂ, ಸೆರಟೊಡಾನ್ ಹಾವಸೆ ಇತ್ತು. ಭೂಮಿಯಲ್ಲಿ ಕತ್ತಲಲ್ಲಿ ನೇರ ಮೇಲಕ್ಕೆ ಬೆಳೆಯುವ ಅದರ ಎಳೆಗಳು ಅಲ್ಲಿ ಸುರುಳಿ ಸುರುಳಿಯಾಗಿ ಬೆಳೆದಿದ್ದವು. ಕೊಲಂಬಿಯಾ ನೌಕೆ ಒಡೆದು ಚೂರಾದ ಮೇಲೂ ಅವಶೇಷಗಳಲ್ಲಿ ಆ ಹಾವಸೆಯ ಮಾದರಿಗಳು ಸಿಕ್ಕಿದ್ದವು, ಅವುಗಳ ಅಧ್ಯಯನವೂ 2005ರಲ್ಲಿ ಪ್ರಕಟವಾಯಿತು. ಎಳೆಗಳೇ ಹೀಗೆ ದಿಕ್ಕು ಬದಲಿಸಿದರೆ, ವೀರ್ಯಾಣುವಿನ ದಾರಿಯನ್ನೂ ಅಲ್ಲೇ ಇಟ್ಟು ನೋಡಬೇಕು.

ಸದ್ಯಕ್ಕೆ ಹೆಚ್ಚು ತುರ್ತಿನ ಪರಿಣಾಮ

ಹಾವಸೆ ಅಲ್ಲಿ ಬೆಳೆಯುತ್ತಾ ಅನ್ನೋದಕ್ಕಿಂತ, ನಮಗೇ ಗೊತ್ತಿಲ್ಲದೆ ಅದು ಅಲ್ಲಿಗೆ ಹೋಗಿಬಿಡುತ್ತಾ ಅನ್ನೋದು ಹತ್ತಿರದ ಚಿಂತೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಬೇರೆ ಗ್ರಹಗಳಿಗೆ ಭೂಮಿಯ ಹಾನಿಕರ ಕಲ್ಮಶ ಹೋಗದಂತೆ ದೇಶಗಳು ನೋಡಿಕೊಳ್ಳಬೇಕು. ಭಾರತವೂ ಅದಕ್ಕೆ ಸಹಿ ಹಾಕಿದೆ. ನೌಕೆಗಳನ್ನು ಶುಚಿ ಮಾಡುವಾಗ ಇದುವರೆಗೆ ಮುಖ್ಯವಾಗಿ ಎಣಿಸುತ್ತಿದ್ದದ್ದು ಬ್ಯಾಕ್ಟೀರಿಯಾದ ಬೀಜಕಗಳನ್ನು. ಗಿಡದ ಬೀಜಕವೂ ಹೊರಮೈಯಲ್ಲಿ ಒಂಬತ್ತು ತಿಂಗಳು ಬದುಕಿ ಮೊಳೆಯುತ್ತದೆ ಅಂದ ಮೇಲೆ ಆ ಎಣಿಕೆಯಲ್ಲಿ ಅದಕ್ಕೂ ಜಾಗ ಕೊಡಬೇಕಾಗುತ್ತದೆ. ಅದು ಅಲ್ಲಿ ಸಂಸಾರ ಹೂಡದಿರಬಹುದು. ಆದರೆ ಜೀವದ ಕುರುಹು ಹುಡುಕುವ ಉಪಕರಣಕ್ಕೆ, ನಾವೇ ಒಯ್ದ ಬೀಜಕದ ಹಸಿರು ಅಣುವೂ ಕುರುಹಾಗಿಯೇ ಕಾಣುತ್ತದೆ.

ಮುಂದಿನ ಸಲ ಇಂಥ ಸುದ್ದಿ ಬಂದಾಗ ಶೇಕಡಾ ಎಷ್ಟು ಬದುಕಿತು ಅನ್ನೋದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ. ವಾಪಸ್ ಬಂದು ಮೊಳೆತ ಬೀಜಕಗಳು ಗಿಡವಾಗಿ, ಆರ್ಕಿಗೋನಿಯಂ ಕಟ್ಟಿ, ಅದರಲ್ಲಿ ಗರ್ಭ ನಿಂತು, ಮತ್ತೆ ಬೀಜಕ ಕೊಟ್ಟವಾ? ಕೊಟ್ಟಿದ್ದರೆ ಆ ಎರಡನೇ ಕಂತಿನ ಬೀಜಕಗಳೂ ಮೊದಲಿನಷ್ಟೇ ಚೆನ್ನಾಗಿ ಮೊಳೆತವಾ?